ಮಗ್ಗ ನಿಂತರೆ ಹೋಗಿ ನೋಡಿ

ಹಗಲು ಹೊತ್ತಿನಲ್ಲಿ ನಿದ್ದೆ ಮಾಡಲು ಬರದವರು ನರ್ಸ್ ಕೆಲಸಕ್ಕೆ ಬರಬೇಡಿ. ಹೊಸದಾಗಿ ಡ್ಯೂಟಿಗೆ ಸೇರುವ ಹುಡುಗಿಯರು ನನ್ನ ಹತ್ತಿರ ಬಂದು 'ಏನಾದ್ರೂ ಹೇಳಿಕೊಡಿ ಅಮ್ಮ' ಅಂದರೆ ನಾನು ಮೊದಲು ಹೇಳುವ ಮಾತು ಇದು. ಅವರು ನಗುತ್ತಾರೆ. ನಗಲಿ. ರಾತ್ರಿ ಪಾಳಿ ಮುಗಿಸಿ ಬಂದು, ಬಿಸಿಲು ಕಿಟಕಿಯಲ್ಲಿ ಇಣುಕುತ್ತಿರುವಾಗ, ತರಕಾರಿ ಗಾಡಿಯವನು ಬಾಗಿಲ ಮುಂದೆಯೇ ನಿಂತು ಕೂಗುತ್ತಿರುವಾಗ, ಪಕ್ಕದ ಮನೆಯ ಒಗ್ಗರಣೆ ಘಾಟು ಮೂಗಿಗೆ ಬಡಿಯುತ್ತಿರುವಾಗ ಕಣ್ಣು ಮುಚ್ಚಿ ಮಲಗುವುದು ಎಂಥ ವಿದ್ಯೆ ಅನ್ನುವುದು ಅವರಿಗೆ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಆಮೇಲೆ ಅವರೇ ಬಂದು 'ಹೆಂಗೆ ಮಲಗ್ತಿದ್ರಿ ಅಮ್ಮ?' ಅಂತ ಕೇಳುತ್ತಾರೆ.

ನಾನು ಆ ವಿದ್ಯೆ ಕಲಿತದ್ದು ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ. ಹುಟ್ಟಿದ್ದು ತಳಕಿನ ಹತ್ತಿರದ ಹಳ್ಳಿಯಲ್ಲಿ, ಮೊದಲು ಕೆಲಸ ಮಾಡಿದ್ದು ಚಳ್ಳಕೆರೆ ಕಡೆ, ಆಮೇಲೆ ವರ್ಗವಾಗಿ ಮೊಳಕಾಲ್ಮೂರು ಕಡೆ ಬಂದವಳು ನಿವೃತ್ತಿಯ ತನಕ ಅಲ್ಲೇ ಉಳಿದೆ. ಗಂಡ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರು. ಶನಿವಾರ ಸಂಜೆ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೋಗುವವರು. ಉಳಿದ ದಿನ ನಾನು, ನನ್ನ ನಿದ್ದೆ ಮತ್ತು ಬಾಡಿಗೆ ಮನೆಯ ಎರಡೂ ಪಕ್ಕದ ಮಗ್ಗಗಳು. ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಗುಂಡಿ ಮಗ್ಗಗಳು. ನೂಲು ಹೊತ್ತ ಲಾಳಿ ಸರ್ರನೆ ಹೋಗುತ್ತದೆ, ಹಲಗೆ ಧಪ್ಪನೆ ಬಡಿಯುತ್ತದೆ, ಮತ್ತೆ ಲಾಳಿ, ಮತ್ತೆ ಹಲಗೆ. ಮೊದಮೊದಲು ಆಸ್ಪತ್ರೆಯ ಹತ್ತಿಯನ್ನೇ ಕಿವಿಗೆ ತುರುಕಿಕೊಂಡು ಮಲಗುತ್ತಿದ್ದೆ, ಮನಸ್ಸಿನಲ್ಲಿ ಇಡೀ ಬೀದಿಗೆ ಶಾಪ ಹಾಕುತ್ತಿದ್ದೆ. ಯಾವಾಗ ಎನ್ನುವುದು ಗೊತ್ತಾಗದ ಹಾಗೆ ಅದೇ ಸದ್ದು ನನ್ನ ಜೋಗುಳವಾಯಿತು. ಹಬ್ಬಕ್ಕೆ ಮಗ್ಗಗಳು ನಿಂತ ದಿನ ನನಗೆ ನಿದ್ದೆ ಬರುತ್ತಿರಲಿಲ್ಲ.

ಹುಡುಗಿಯರೇ, ಪ್ರಮೋಷನ್ನಿನ ಕಥೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ನನಗೆ ಹೇಳಬೇಕಾಗಿರುವುದು ಎದೆನೋವಿನ ಕಥೆ. ನಮ್ಮ ಸೀಮೆಯಲ್ಲಿ ಮೊದಲು ಎದೆನೋವು ಅನ್ನುವ ಕಾಯಿಲೆಯೇ ಇರಲಿಲ್ಲ, ಇದ್ದದ್ದೆಲ್ಲ ಗ್ಯಾಸು. ಗಂಡಸು ಎದೆ ಹಿಡಿದುಕೊಂಡು ಕೂತರೆ ಯಾರಾದರೂ ಓಡಿಹೋಗಿ ಸೋಡಾ ತರುತ್ತಿದ್ದರು. ಒಂದು ತೇಗು ಬಂದರೆ ಕಾಯಿಲೆ ಹೋಯಿತು ಅಂತ ಲೆಕ್ಕ. ತೇಗು ಬಾರದವರನ್ನು ನಮ್ಮಲ್ಲಿಗೆ ತರುತ್ತಿದ್ದರು. ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಮಾಡುವಂಥದ್ದು ಹೆಚ್ಚೇನೂ ಉಳಿದಿರುತ್ತಿರಲಿಲ್ಲ. ಬಾಡಿಗೆ ಜೀಪು ಹುಡುಕಿ ದೊಡ್ಡ ಊರಿನ ದಾರಿ ಹಿಡಿಸುತ್ತಿದ್ದೆವು. ರೋಗಿಯ ಉಸಿರು ದಾರಿಯಲ್ಲೇ ನಿಂತು, ಆ ದಾರಿಯ ಹುಣಸೆ ಮರಗಳ ಕೆಳಗಿಂದ ಎಷ್ಟು ಜೀಪುಗಳು ಹಾಗೇ ವಾಪಸ್ಸು ತಿರುಗಿದವೋ ಲೆಕ್ಕವಿಲ್ಲ.

ಆಮೇಲೆ ಇಸಿಜಿ ಮೆಷಿನ್ನು ಬಂತು. ಎದೆಗೆ ಕಚ್ಚಿಕೊಳ್ಳುವ ರಬ್ಬರ್ ಬುರುಡೆಗಳಿದ್ದ ಹಳೇ ಮೆಷಿನ್ನು. ಎದೆಯ ಮೇಲೆ ಕೂದಲಿದ್ದರೆ ಬುರುಡೆ ನಿಲ್ಲುತ್ತಿರಲಿಲ್ಲ, ಬೋಳಿಸಬೇಕಾಗುತ್ತಿತ್ತು. ದೇವಸಮುದ್ರದ ಕಡೆಯ ಕುರಿಗಾಹಿ ತಿಪ್ಪೇಸ್ವಾಮಿ ಅನ್ನುವವನ ಎದೆಗೆ ನಾನು ಬ್ಲೇಡು ಹಿಡಿದು ಹೋದಾಗ ಅವನು ನೋವಿನ ನಡುವೆಯೂ ನನ್ನನ್ನು ದಿಟ್ಟಿಸಿ ನೋಡಿ, "ಕುರಿ ತುಪ್ಪಟ ಕತ್ತರಿಸೋ ಕಾಲ ಇದಲ್ಲ ಕಣವ್ವ, ಇನ್ನಾ ಚಳಿ ಐತೆ" ಅಂದ. ನಗು ತಡೆಯಲಾರದೆ ಬ್ಲೇಡು ಬೇರೆಯವರಿಗೆ ಕೊಡಬೇಕಾಯಿತು. ಅವನಿಗೇ ಮನೆಗೆ ಹೋಗುವಾಗ, ಎದೆ ನೋವು ಬಂದರೆ ನಾಲಿಗೆ ಕೆಳಗಿಟ್ಟುಕೋ ಅಂತ ಪುಟ್ಟ ಮಾತ್ರೆ ಕೊಟ್ಟಿದ್ದೆವು. ಮುಂದಿನ ಸಲ ಬಂದು "ನಿಮ್ಮ ಮಾತ್ರೆ ಏನೂ ನಾಟಲಿಲ್ಲ" ಅಂದ. ಹೇಗೆ ತಗೊಂಡೆಯಪ್ಪ ಅಂತ ಬಿಡಿಸಿ ಕೇಳಿದರೆ, ಬಾಯಿ ತುಂಬ ಎಲೆ ಅಡಿಕೆ ಇತ್ತಂತೆ, ಅದರ ಕೆಳಗೇ ಮಾತ್ರೆಯನ್ನೂ ಇಟ್ಟು, ಸ್ವಲ್ಪ ಹೊತ್ತಿಗೆ ಎಲ್ಲ ಸೇರಿಸಿ ಉಗಿದನಂತೆ. ಅಂದಿನಿಂದ ಆ ಮಾತ್ರೆ ಕೊಡುವಾಗೆಲ್ಲ "ಮೊದ್ಲು ಬಾಯಿ ಮುಕ್ಕಳಿಸು" ಅನ್ನುವುದು ನನ್ನ ಮಂತ್ರವಾಯಿತು. ನೀವೂ ಹೇಳಿ, ಪುಸ್ತಕದಲ್ಲಿ ಇರುವುದಿಲ್ಲ.

ಕಾಲ ಬದಲಾಯಿತು. ಎದೆ ಹಿಡಿದುಕೊಂಡು ಬಂದವರಿಗೆ ಚೀಟಿ ಆಮೇಲೆ, ಇಸಿಜಿ ಮೊದಲು ಅಂತಾಯಿತು. ಇಸಿಜಿಯನ್ನು ಫೋನಿನಲ್ಲಿ ಕಳಿಸಿದರೆ ದೂರದ ಊರಿನ ಹೃದಯದ ಡಾಕ್ಟರು ನೋಡಿ ಹೇಳುವ ಹಾಗಾಯಿತು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ನಮ್ಮಂಥ ಆಸ್ಪತ್ರೆಯಲ್ಲೇ ಕೊಡುವ ಹಾಗಾಯಿತು. ಹಿಂದಾದರೆ ಹುಣಸೆ ಮರದ ಕೆಳಗೆ ಮುಗಿಯುತ್ತಿದ್ದವರು ಈಗ ಎದ್ದು ಕೂತು ಕಾಫಿ ಕೇಳುತ್ತಿದ್ದರು. ಕೆಲವು ಮುಖಗಳನ್ನು ನೋಡಿದಾಗ ನನಗೆ ನಿಜವೋ ಕನಸೋ ಅನ್ನಿಸುತ್ತಿತ್ತು. ಆದರೆ ಬದುಕಿದವರಲ್ಲಿ ಕೆಲವರ ಹೃದಯ ಸೋತಿರುತ್ತಿತ್ತು. ಸೋತ ಹೃದಯ ರಕ್ತವನ್ನು ಪೂರಾ ಒತ್ತುವುದಿಲ್ಲ, ಮೈಯಲ್ಲಿ ನೀರು ನಿಲ್ಲುತ್ತದೆ, ಮೊದಲು ಕಾಲಿಗೆ, ಆಮೇಲೆ ಎದೆಗೆ. ಇಂಥವರನ್ನು ಮನೆಗೆ ಕಳಿಸಿದ ಮೇಲೆ ನೋಡಿಕೊಳ್ಳುವವರು ಯಾರು ಅನ್ನುವುದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಹೋಗುತ್ತಿದ್ದರು, ಉಸಿರು ಕಟ್ಟಿ ಮತ್ತೆ ಬರುತ್ತಿದ್ದರು.

ಅಂಥವರಲ್ಲಿ ಒಬ್ಬ ನಮ್ಮ ಎದುರು ಮನೆಯ ರಾಮಾಂಜಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ನೇಕಾರ. ಹೆಂಡತಿ ಪದ್ಮಕ್ಕ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುವಳು, ಇವನು ನೇಯುವನು. ಮಾತು ಕಡಿಮೆ, ಕೈ ಮಾತ್ರ ಯಾವತ್ತೂ ಸುಮ್ಮನಿರದ ಮನುಷ್ಯ. ಹಾಸಿಗೆಯ ಮೇಲೆ ಮಲಗಿದಾಗಲೂ ಅವನ ಬಲಗೈ ಏನೋ ಎಳೆಯುತ್ತಿತ್ತು. ಎರಡನೇ ಸಲ ನೀರು ತುಂಬಿ ಬಂದು ಹೇಗೋ ಉಳಿದುಕೊಂಡಾಗ ನಮ್ಮ ಡಾಕ್ಟರು ಅವನ ಮಂಚದ ಅಂಚಿಗೆ ಕೂತು ನೇರವಾಗಿ ಹೇಳಿದರು: "ಇನ್ನೊಂದು ಸಲ ಹೀಗಾದರೆ ಉಳಿಸೋದು ಕಷ್ಟ ಆಗ್ತದೆ ಯಜಮಾನ್ರೆ. ಮಾತ್ರೆ ತಪ್ಪಿಸಬಾರದು, ಉಪ್ಪು ಕಮ್ಮಿ ಮಾಡಬೇಕು."

"ಉಪ್ಪು ಬಿಡ್ತೀನಿ ಸಾರ್. ಮಗ್ಗ ಬಿಡು ಅನ್ನಬ್ಯಾಡ್ರಿ" ಅಂದ ರಾಮಾಂಜಿ.

"ಉಸಿರಿಗೆ ಆಗುವಷ್ಟು ನೇಯಿರಿ. ಏದುಸಿರು ಬಂದಾಗ ನಿಲ್ಲಿಸಿ."

"ನಿಲ್ಲಿಸ್ತೀನಿ ಸಾರ್" ಅಂದ. ಅವನ ಮುಖ ನೋಡಿದರೆ ನಿಲ್ಲಿಸುವವನ ಮುಖ ಅಲ್ಲ ಅನ್ನುವುದು ನನಗೂ ಪದ್ಮಕ್ಕನಿಗೂ ಗೊತ್ತಾಯಿತು.

ಈ ಡಾಕ್ಟರ ಹೆಸರು ಶಶಿಧರ ಅಂತಿಟ್ಟುಕೊಳ್ಳಿ. ಚಿಕ್ಕ ವಯಸ್ಸು, ಒಳ್ಳೇ ಮನಸ್ಸು, ಕುದಿಯುವ ಉತ್ಸಾಹ. ಒಳ್ಳೇ ಮನಸ್ಸಿನ ಮೇಲಧಿಕಾರಿಗಳ ಕೈಕೆಳಗೆ ಕೆಲಸ ಮಾಡುವುದು ಕೆಟ್ಟವರ ಕೈಕೆಳಗೆ ಮಾಡುವುದಕ್ಕಿಂತ ಕಷ್ಟ, ಯಾಕೆಂದರೆ ಬೈಯಲು ಬಾಯಿ ಬರುವುದಿಲ್ಲ. ಹೃದಯ ಸೋತವರು ಮತ್ತೆ ಮತ್ತೆ ಬರುವುದನ್ನು ನೋಡಲಾರದೆ ಅವರು ಒಂದು ಯೋಜನೆ ಹಾಕಿದರು. ಅಂಥ ರೋಗಿಗಳಿಗೆಲ್ಲ ನರ್ಸುಗಳು ದಿನಾ ಬೆಳಿಗ್ಗೆ ಫೋನ್ ಮಾಡಿ ಉಸಿರು ಹೇಗಿದೆ, ಕಾಲು ಊದಿದೆಯಾ, ಮಾತ್ರೆ ನುಂಗಿದಿರಾ ಅಂತ ಕೇಳಬೇಕು. ಕೇಳಲು ಚೆನ್ನಾಗಿತ್ತು. ಬೆಳಗಿನ ಹೊತ್ತು ವಾರ್ಡು ಅಂದರೆ ಏನು ಅನ್ನುವುದು ನಿಮಗೂ ಗೊತ್ತು: ಇಂಜೆಕ್ಷನ್ನು, ಡ್ರೆಸ್ಸಿಂಗು, ಬಿಪಿ, ಹೆರಿಗೆಗೆ ಬಂದವಳ ಕೂಗು, ಅವಳ ಅತ್ತೆಯ ಅದಕ್ಕಿಂತ ದೊಡ್ಡ ಕೂಗು. ಅದರ ಮೇಲೆ ಫೋನು.

ಫೋನಿನ ಕೆಲಸ ಬಿದ್ದದ್ದು ಮಂಜುಳಾ ಅನ್ನುವ ಹೊಸ ನರ್ಸಿನ ತಲೆಗೆ. ದಾವಣಗೆರೆ ಕಡೆಯ ಹುಡುಗಿ, ಅದೇ ಮೊದಲ ನೌಕರಿ. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಗಿಸಿಕೊಂಡು ಸಿರಿಂಜಿಗೆ ಔಷಧಿ ಎಳೆಯುತ್ತಿದ್ದಳು. ಅರ್ಧ ನಂಬರುಗಳ ಫೋನು ಹೊಲಕ್ಕೆ ಹೋದ ಮಗನ ಜೇಬಿನಲ್ಲಿರುತ್ತಿತ್ತು. ಮಿಕ್ಕವರು ಏನು ಕೇಳಿದರೂ "ಚೆನ್ನಾಗೈತೆ ಮೇಡಂ" ಅಂತಲೇ ಹೇಳುತ್ತಿದ್ದರು. ಅಷ್ಟು ದೂರದಿಂದ ಸರ್ಕಾರಿ ಆಸ್ಪತ್ರೆಯವರೇ ಫೋನ್ ಮಾಡಿ ವಿಚಾರಿಸಿದಾಗ ಚೆನ್ನಾಗಿಲ್ಲ ಅನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಒಬ್ಬ ಅಜ್ಜಿಯಂತೂ, "ಅಜ್ಜಿ, ಉಸಿರು ಹೆಂಗೈತೆ?" ಅಂದರೆ "ನಾನು ಬ್ಯಾಂಕಿನ ಯಾವ ನಂಬರೂ ಹೇಳಾಕಿಲ್ಲ ಕಣವ್ವ, ನಮ್ಮ ಮೊಮ್ಮಗ ಹೇಳವ್ನೆ" ಅಂತ ಕಟ್ ಮಾಡಿದಳು. ಮಂಜುಳಾ ಒಂದು ದಿನ ಬೆಡ್‌ಶೀಟ್ ಇಡುವ ಕೋಣೆಯಲ್ಲಿ ಕೂತು ಅಳುತ್ತಿದ್ದಳು. "ನಾನು ಕೆಲಸ ಬಿಡ್ತೀನಿ ಸಿಸ್ಟರ್. ಇಲ್ಲಿ ಇರೋರನ್ನ ನೋಡ್ಲಾ, ಅಲ್ಲಿ ಇರೋರನ್ನ ನೋಡ್ಲಾ?" ಅಂದಳು. ಅವಳ ತಲೆ ಸವರಿದೆ.

ಇದಕ್ಕೊಂದು ದಾರಿ ಹೊಳೆದದ್ದು ಮನೆಗೆ ಹೋಗಿ ಮಲಗಿದಾಗ, ನಿದ್ದೆ ಇನ್ನೂ ಪೂರಾ ಬಂದಿಲ್ಲ, ಎಚ್ಚರ ಇನ್ನೂ ಪೂರಾ ಹೋಗಿಲ್ಲ ಅನ್ನುವ ಹೊತ್ತಿನಲ್ಲಿ. ಎದುರು ಮನೆಯ ಮಗ್ಗ ನಡೆಯುತ್ತಿತ್ತು. ಲಾಳಿ, ಹಲಗೆ, ಲಾಳಿ, ಹಲಗೆ. ಸ್ವಲ್ಪ ಹೊತ್ತು ನಿಂತಿತು. ರಾಮಾಂಜಿ ಉಸಿರು ತಗೊಳ್ಳುತ್ತಿದ್ದಾನೆ ಅಂದುಕೊಂಡೆ. ಮತ್ತೆ ನಡೆಯಿತು. ಅವನ ಉಸಿರು ಹೇಗಿದೆ ಅನ್ನುವುದು ಯಾರೂ ಫೋನ್ ಮಾಡದೆ, ನಾನು ಚಾಪೆಯಿಂದ ತಲೆ ಕೂಡ ಎತ್ತದೆ ನನಗೆ ತಿಳಿಯುತ್ತಿತ್ತು. ನನಗೆ ತಿಳಿದರೆ ಬೀದಿಗೆಲ್ಲ ತಿಳಿಯುತ್ತದೆ. ಸಂತೋಷಕ್ಕೆ ಎದ್ದು ಕೂತೆ, ಆ ದಿನದ ನಿದ್ದೆ ಹಾಳಾಯಿತು.

ಡಾಕ್ಟರಿಗೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಪೆನ್ನಿನ ಕ್ಯಾಪು ಕಚ್ಚುತ್ತಾ ಯೋಚಿಸಿದರು. "ಮಗ್ಗ ಇಲ್ಲದವರಿಗೆ?" ಅಂತ ಕೇಳಿದರು. ಅಲ್ಲಿಂದ ಇಬ್ಬರೂ ಸೇರಿ ಹೊಸೆದೆವು. ಮನೆಗೆ ಕಳಿಸುವಾಗ ರೋಗಿಯನ್ನು ಒಂದೇ ಮಾತು ಕೇಳುವುದು: ದಿನಾ ಮಾಡುವ ಯಾವ ಕೆಲಸದಲ್ಲಿ ನಿನ್ನ ಉಸಿರು ನಿನಗೆ ಗೊತ್ತಾಗುತ್ತದೆ? ತಿಪ್ಪೇಸ್ವಾಮಿಗೆ ಅದು ಕುರಿ ಹೊಡೆದುಕೊಂಡು ಹತ್ತುವ ಕೆರೆ ಏರಿ. ಒಬ್ಬ ಹೆಂಗಸಿಗೆ ನಲ್ಲಿಯಿಂದ ಅಡುಗೆಮನೆಗೆ ತರುವ ಕೊಡ. ಆ ಕೆಲಸವನ್ನು ದಿನಾ ಕಣ್ಣಾರೆ ನೋಡುವವರು, ಇಲ್ಲ ಕಿವಿಯಾರೆ ಕೇಳುವವರು ಒಬ್ಬರನ್ನು ಕರೆಸಿ ಹೇಳುವುದು: ನಿನ್ನೆ ನಿಲ್ಲದ ಜಾಗದಲ್ಲಿ ಇವತ್ತು ನಿಂತರೆ, ಪದೇ ಪದೇ ನಿಂತರೆ, ಹೋಗಿ ನೋಡಿ, ಆಮೇಲೆ ನಮಗೆ ಫೋನ್ ಮಾಡಿ. ನಾವು ಫೋನ್ ಮಾಡುವುದಿಲ್ಲ, ಅವರು ಮಾಡುತ್ತಾರೆ, ಅದೂ ಬೇಕಾದಾಗ ಮಾತ್ರ. ಮಂಜುಳಾಳ ಭುಜ ಸರಿಯಾಯಿತು. ರಾಜೀನಾಮೆ ಮಾತು ನಿಂತಿತು. ವಾರ್ಡಿನಲ್ಲಿ ಇದ್ದವರ ಮುಖ ನೋಡಲು ಅವಳಿಗೆ ಹೊತ್ತು ಸಿಕ್ಕಿತು. ಏರಿಯ ನಡುವೆ ನಿಂತವರು ಉಸಿರು ಪೂರಾ ಕಟ್ಟುವ ಮುಂಚೆಯೇ ನಡೆದುಕೊಂಡು ಬಂದು ಮಾತ್ರೆ ಬದಲಾಯಿಸಿಕೊಂಡು ಹೋಗತೊಡಗಿದರು. ಡಾಕ್ಟರು ನನಗೆ ಕಾಫಿ ಕೊಡಿಸಿದರು, ನಾನು ಸ್ವಲ್ಪ ಉಬ್ಬಿದೆ.

ನಮ್ಮ ಬೀದಿಯಲ್ಲಿ ಈ ಕೆಲಸ ವಹಿಸಿಕೊಂಡವನು ರಾಮಾಂಜಿಯ ಪಕ್ಕದ ಮನೆಯ ನಾಗಣ್ಣ. ಅವನೂ ನೇಕಾರನೇ, ಗಂಟಲು ಮಾತ್ರ ಗುಡ್ಡದ ಆಚೆಗೂ ಕೇಳುವಂಥದ್ದು. ರಾಮಾಂಜಿಯ ಮಗ್ಗ ನಿಂತಿತು ಅಂದರೆ ತನ್ನ ಲಾಳಿ ಬಿಟ್ಟು ಬಾಗಿಲಿಗೆ ಬಂದು "ಏನ್ಲೇ ರಾಮಾಂಜಿ, ಉಸಿರು ಐತೇನ್ಲೇ?" ಅಂತ ಕೂಗುತ್ತಿದ್ದ. ಅವನ ಹಿಂದೆ ಅವನ ಹೆಂಡತಿ. ಅವಳ ಹಿಂದೆ ಮೂಲೆಮನೆಯ ಮುದುಕಿ. ಚಾಪೆಯ ಮೇಲೆ ಮಲಗಿ ಇದನ್ನೆಲ್ಲ ಕೇಳುತ್ತಾ ನನಗೆ ಎಷ್ಟು ಹಿತವಾಗುತ್ತಿತ್ತು ಅಂದರೆ, ಇಡೀ ಬೀದಿ ನನ್ನ ವಾರ್ಡು, ಡ್ಯೂಟಿ ಮಾಡುವವರು ಬೇರೆಯವರು, ನಾನು ಸುಮ್ಮನೆ ಮಲಗಬಹುದು ಅನ್ನಿಸುತ್ತಿತ್ತು. ದಿನ ಕಳೆದ ಹಾಗೆ ರಾಮಾಂಜಿಯ ಮಗ್ಗ ನಿಲ್ಲುವುದು ಕಡಿಮೆಯಾಯಿತು. ಆಮೇಲೆ ನಿಲ್ಲುವುದೇ ಅಪರೂಪವಾಯಿತು. ಸುಧಾರಿಸಿಕೊಂಡ ಅಂತ ಬೀದಿ ಅಂದುಕೊಂಡಿತು. ನಾನೂ ಹಾಗೇ ಅಂದುಕೊಂಡೆ, ಡಾಕ್ಟರಿಗೂ ಹಾಗೇ ಹೇಳಿದೆ.

ಒಂದು ಮಧ್ಯಾಹ್ನದ ನಿದ್ದೆಯಲ್ಲಿ ಕನಸು ಬಿತ್ತು. ಕನಸಿನಲ್ಲಿ ನಮ್ಮ ವಾರ್ಡು ಚಳ್ಳಕೆರೆ ಕಡೆಯ ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನಲ್ಲಿತ್ತು. ಗೋಡೆ ಇಲ್ಲ, ಮಾಡು ಇಲ್ಲ, ಒಣಹುಲ್ಲಿನ ನಡುವೆ ಮಂಚಗಳು ಸಾಲಾಗಿ ನಿಂತಿದ್ದವು. ಗಾಳಿಗೆ ಬಿಳಿ ಬೆಡ್‌ಶೀಟುಗಳು ಏಳುತ್ತಿದ್ದವು, ಮಂಚಗಳ ಕಾಲಿನ ಸಂದಿಯಲ್ಲಿ ಕುರಿಗಳು ಮೇಯುತ್ತಿದ್ದವು. ಯಾರಿಗೂ ನೋವಿರಲಿಲ್ಲ. ದೂರದಲ್ಲಿ ಎಲ್ಲೋ ಮಗ್ಗ ನಡೆಯುತ್ತಿತ್ತು. ನಾನು ಸ್ಟೂಲಿನ ಮೇಲೆ ಕೂತಿದ್ದೆ, ಪಕ್ಕದ ಸ್ಟೂಲಿನ ಮೇಲೆ ರಾಮಾಂಜಿ ಕೂತಿದ್ದ. ಅವನ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. "ನಾನು ಇಲ್ಲಿದ್ದೀನಲ್ಲ ಸಿಸ್ಟರಮ್ಮ," ಅಂದ, "ಮತ್ತೆ ಅಲ್ಲಿ ನೇಯೋದು ಯಾರು?"

ಎಚ್ಚರವಾದರೂ ಮಗ್ಗದ ಸದ್ದು ಹಾಗೇ ಇತ್ತು. ಸರಾಗವಾಗಿ, ಒಂದು ಸಲವೂ ನಿಲ್ಲದೆ. ಏನು ತಪ್ಪಾಗಿದೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ನಿದ್ದೆಯಲ್ಲಿ ಕಿವಿ ಏನನ್ನು ಹಿಡಿದಿತ್ತೋ, ಎದ್ದ ಮೇಲೆ ಅದು ನನಗೆ ಸಿಗಲಿಲ್ಲ. ಬಿಚ್ಚಿದ ಜಡೆಯಲ್ಲೇ, ಚಪ್ಪಲಿ ಇಲ್ಲದೆ ಬಿಸಿಲಿನ ಬೀದಿ ದಾಟಿ, ಮುಂದೆ ಮಾಡಿದ್ದ ಬಾಗಿಲನ್ನು ತಳ್ಳಿದೆ.

ಗುಂಡಿಯಲ್ಲಿ ಕೂತು ನೇಯುತ್ತಿದ್ದವಳು ಪದ್ಮಕ್ಕ. ರಾಮಾಂಜಿ ಗೋಡೆಗೆ ಮಡಿಸಿಟ್ಟ ಹಾಸಿಗೆಗೆ ಒರಗಿ ನೆಟ್ಟಗೆ ಕೂತಿದ್ದ. ಮಲಗಿದರೆ ಉಸಿರು ಕಟ್ಟುವವರು ಕೂರುವ ರೀತಿ ಅದು. ತುಟಿ ಕಪ್ಪಿಟ್ಟಿತ್ತು. ಪಾದಗಳು ಊದಿ ಹೊಳೆಯುತ್ತಿದ್ದವು. ನನ್ನನ್ನು ನೋಡಿ ಕೈ ಎತ್ತಿ "ವದ್ದು" ಅಂದ. ಬೇಡ ಅಂತ. ಏನು ಬೇಡ ಅನ್ನುವುದನ್ನು ಹೇಳಲು ಅವನಲ್ಲಿ ಉಸಿರಿರಲಿಲ್ಲ. ಪದ್ಮಕ್ಕನ ಕೈ ನಿಂತಿತು. ನಿಂತದ್ದೇ ತಡ, ಬಾಗಿಲಿನಲ್ಲಿ ನಾಗಣ್ಣನ ಗಂಟಲು: "ಏನ್ಲೇ ರಾಮಾಂಜಿ..."

"ಆಟೋ ತರಿಸು ನಾಗಣ್ಣ" ಅಂದೆ.

ಆಸ್ಪತ್ರೆಯಲ್ಲಿ ಅವತ್ತು ಮಂಜುಳಾ ಇದ್ದಳು, ಆಟೋದಿಂದಲೇ ಅವಳಿಗೆ ಫೋನ್ ಮಾಡಿದೆ. ನಾವು ಒಳಗೆ ಬರುವುದರೊಳಗೆ ಆಕ್ಸಿಜನ್ ತಯಾರಿತ್ತು, ನೀರು ಇಳಿಸುವ ಇಂಜೆಕ್ಷನ್ ಎಳೆದಿಟ್ಟಿದ್ದಳು. ಅವಳ ಕಣ್ಣು ರೋಗಿಯ ಮುಖ ಬಿಟ್ಟು ಆಚೆ ಈಚೆ ಹೋಗಲಿಲ್ಲ. ಬೆಳಗಿನಿಂದ ಫೋನ್ ಹಿಡಿದು ಸುಸ್ತಾದ ಹುಡುಗಿಯಾಗಿದ್ದರೆ ಹೀಗಿರುತ್ತಿದ್ದಳೋ ಇಲ್ಲವೋ, ನನಗೆ ಅನುಮಾನ. ನಾನು ರಾಮಾಂಜಿಯ ಬೆನ್ನಿಗೆ ಕೈ ಕೊಟ್ಟು ಕೂತಿದ್ದೆ. ಡಾಕ್ಟರು ಹೇಳಿದ್ದ 'ಇನ್ನೊಂದು ಸಲ' ಇದೇ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೆದರಿದ್ದೆ. ಸಾವು ನೋಡಿ ನೋಡಿ ಗಟ್ಟಿಯಾದ ನರ್ಸು ಅಂತ ನನ್ನನ್ನು ಕರೆಯುತ್ತಿದ್ದರು, ಆದರೆ ಯಾರ ಮಗ್ಗದ ಸದ್ದಿಗೆ ಮಲಗುತ್ತೇವೋ ಅವರ ಬೆನ್ನು ಹಾಗೆ ಏದುವುದು ಕೈಗೆ ತಿಳಿದಾಗ ಯಾವ ಗಟ್ಟಿತನವೂ ಉಳಿಯುವುದಿಲ್ಲ. ಸಂಜೆಯ ಹೊತ್ತಿಗೆ ನೀರು ಹೋಗತೊಡಗಿತು. ಬೆನ್ನಿನ ಏದುಸಿರು ನಿಧಾನವಾಯಿತು. ಬಲಗೈ ಬೆಡ್‌ಶೀಟಿನ ಮೇಲೆ ಏನನ್ನೋ ಎಳೆಯಿತು, ಆಗ ನನಗೆ ಉಸಿರು ಬಂತು.

ಮಾರನೆಯ ದಿನ ಡಾಕ್ಟರು ಅವನ ಪಕ್ಕ ಕೂತು ಕೇಳಿದರು. ಬೈಯಲಿಲ್ಲ, ಅದು ಅವರ ದೊಡ್ಡ ಗುಣ. "ನೀರಿನ ಮಾತ್ರೆ ಬಿಟ್ಟಿದ್ದೀರಂತೆ. ಯಾಕೆ?"

ರಾಮಾಂಜಿ ಪದ್ಮಕ್ಕನ ಕಡೆ ನೋಡಿದ. ಅವಳು ಸೆರಗು ತಿರುವುತ್ತಾ ನೆಲ ನೋಡುತ್ತಿದ್ದಳು. ಕೊನೆಗೆ ಅವನೇ ಬಾಯಿ ಬಿಟ್ಟ. "ಆ ಮಾತ್ರೆ ತಗಂಡ್ರೆ ಗಳಿಗೆಗೊಂದ್ಸಲ ಹಿತ್ತಲಿಗೆ ಹೋಗ್ಬೇಕು ಸಾರ್. ಗುಂಡಿಯಿಂದ ಎದ್ದು ಹೋಗಿ ಬರಬೇಕು. ಎದ್ದರೆ ಮಗ್ಗ ನಿಲ್ತೈತೆ. ಮಗ್ಗ ನಿಂತ್ರೆ ನಾಗಣ್ಣ ಬರ್ತಾನೆ. ನಾಗಣ್ಣ ಬಂದ್ರೆ ಬೀದಿಗೆ ಬೀದೀನೇ ಬರ್ತೈತೆ. ಹಿತ್ತಲಿಗೆ ಹೋಗಿದ್ದೆ ಅಂತ ಎಷ್ಟು ಸಲ ಹೇಳ್ಲಿ ಸಾರ್, ಹೆಣ್ಮಕ್ಕಳ ಮುಂದೆ? ಅದಕ್ಕೆ ಮಾತ್ರೇನೇ ಬಿಟ್ಟೆ. ಆಮ್ಯಾಕೆ ಏದುಸಿರು ಬಂತು. ನಿಲ್ಲಿಸಿದ್ರೆ ಮತ್ತೆ ಎಲ್ರೂ ಬರ್ತಾರೆ, ಆಸ್ಪತ್ರೆ ಅಂತಾರೆ. ಇವ್ಳು ಅಂದ್ಲು, ನೀನು ಕೂತ್ಕೋ, ನಾನು ಒಂಚೂರು ಆಡಿಸ್ತೀನಿ ಅಂತ."

"ಮೊದ್ಲು ಆಸ್ಪತ್ರೆಗೇ ಹೋಗಾಣ ಅಂದೆ ಅಂತ ಹೇಳು" ಅಂದಳು ಪದ್ಮಕ್ಕ.

"ಅಂದ್ಲು ಸಾರ್. ಆಮೇಲೆ ಆಡಿಸಿದ್ಲು."

ಡಾಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮಂಜುಳಾ ಬಾಯಿಗೆ ಕೈ ಅಡ್ಡ ಹಿಡಿದು ಕಿಟಕಿಯ ಕಡೆ ತಿರುಗಿದಳು. ನಾವು ಇಷ್ಟು ಜನ ಓದಿದವರು ಸೇರಿ ಎಣ್ಣೆ ಹಚ್ಚಿ ನಡೆಸಿದ ಗಾಡಿ ಎಲ್ಲಿ ಸಿಕ್ಕಿಕೊಂಡಿತ್ತು ನೋಡಿ: ಹಿತ್ತಲಿಗೆ ಹೋಗುವ ದಾರಿಯಲ್ಲಿ. ಮಗ್ಗ ನಿಲ್ಲದಿರುವುದು ಒಳ್ಳೇ ಸುದ್ದಿ ಅಂತ ನಾವು ತಿಳಿದಿದ್ದೆವು. ಅವನು ನಮ್ಮೆಲ್ಲರಿಗೆ ಆ ಒಳ್ಳೇ ಸುದ್ದಿಯನ್ನು ದಿನಾ ಕಷ್ಟಪಟ್ಟು ನೇಯ್ದು ಕೊಡುತ್ತಿದ್ದ.

ರಿಪೇರಿ ಸುಲಭವಿತ್ತು. ನೀರಿನ ಮಾತ್ರೆಯನ್ನು ಬೆಳಕು ಹರಿಯುವ ಮುಂಚೆ ನುಂಗುವುದು, ಹಿತ್ತಲಿನ ಓಡಾಟವೆಲ್ಲ ಮುಗಿದ ಮೇಲೆ ಗುಂಡಿಗೆ ಇಳಿಯುವುದು. ಪದ್ಮಕ್ಕ ಬೇಕಾದರೆ ನೇಯಲಿ, ಆದರೆ ಅವಳು ಕೂತಾಗ ಬಾಗಿಲು ತೆರೆದಿರಬೇಕು. ನಾಗಣ್ಣನಿಗೆ ಡಾಕ್ಟರೇ ಹೇಳಿದರು, "ಕೂಗಬೇಡಿ, ಬಂದು ಪಕ್ಕದಲ್ಲಿ ಕೂತ್ಕೊಳ್ಳಿ." ಕೂಗದೆ ಇರುವುದು ನಾಗಣ್ಣನಿಗೆ ಬಹಳ ಕಷ್ಟವಾಯಿತು, ಆದರೂ ಕಲಿತ. ಬೇರೆಯವರನ್ನೂ ನಾವು ಮತ್ತೆ ಕರೆಸಿ ಕೇಳಿದೆವು. ಏರಿ ಹತ್ತುವ ಹೊತ್ತಿಗೆ ಮಾತ್ರೆ ತಪ್ಪಿಸುವವರು ಇನ್ನೂ ಕೆಲವರು ಸಿಕ್ಕಿದರು. ಹುಡುಗಿಯರೇ, ನೀವು ಮಾಡುವ ಯಾವ ಏರ್ಪಾಟಿಗೂ ಒಂದು ಹಿತ್ತಲು ಇರುತ್ತದೆ, ಮೊದಲು ಅಲ್ಲಿ ಹೋಗಿ ನೋಡಿ. ನನ್ನ ಇಡೀ ಸರ್ವೀಸಿನಲ್ಲಿ ನಿಮಗೆ ಕೊಡಬಹುದಾದ ಬುದ್ಧಿಮಾತು ಬಹುಶಃ ಇದೊಂದೇ.

ಡಾಕ್ಟರು ವರ್ಗವಾಗಿ ಹೋದರು. ಮಂಜುಳಾ ಈಗ ಬೇರೆ ಊರಿನಲ್ಲಿ ಹೊಸಬರಿಗೆ ಕಲಿಸುತ್ತಾಳೆ. ನಾನು ನಿವೃತ್ತಳಾದೆ. ಗಂಡನೂ ಮಿಲ್ಲು ಬಿಟ್ಟು ಬಂದರು, ಚಳ್ಳಕೆರೆಗೆ ಹೋಗೋಣವೆಂದರು. ಈ ಬೀದಿ ಬಿಟ್ಟರೆ ನನಗೆ ನಿದ್ದೆ ಬರುವುದಿಲ್ಲ ಅಂದೆ. ಅವರು ವಾದ ಮಾಡಲಿಲ್ಲ, ಅವರಿಗೂ ಅಷ್ಟು ಹೊತ್ತಿಗೆ ರೂಢಿಯಾಗಿತ್ತು. ರಾತ್ರಿ ಪಾಳಿ ಇಲ್ಲದಿದ್ದರೂ ಮಧ್ಯಾಹ್ನವಾದರೆ ಕಣ್ಣು ತಾನೇ ಮುಚ್ಚುತ್ತದೆ. ಎದುರು ಮನೆಯ ಮಗ್ಗ ರಾಮಾಂಜಿಯ ಕೈಯಲ್ಲಿ ನಡೆಯುತ್ತಿತ್ತು, ನಿಧಾನವಾಗಿ, ಅಲ್ಲಲ್ಲಿ ನಿಂತು. ಆ ನಿಲುಗಡೆಗಳೂ ನನಗೆ ಬಾಯಿಪಾಠವಾಗಿದ್ದವು. ಡಾಕ್ಟರು ಕೊಟ್ಟ 'ಇನ್ನೊಂದು ಸಲ'ವನ್ನು ದಾಟಿ ಅವನು ಎಷ್ಟು ಸೀರೆ ಇಳಿಸಿದನೋ ಯಾರೂ ಎಣಿಸಲಿಲ್ಲ.

ಹೋದ ಚಳಿಗಾಲದಲ್ಲಿ ರಾಮಾಂಜಿ ತೀರಿಕೊಂಡ. ಊಟವಾದ ಮೇಲೆ ಸ್ವಲ್ಪ ಒರಗುತ್ತೇನೆ ಅಂದವನು ಏಳಲಿಲ್ಲ. ಸಾವಿನ ಮನೆಯ ಗೌರವಕ್ಕೆ ಬೀದಿಯ ಮಗ್ಗಗಳೆಲ್ಲ ನಿಂತವು. ನಾನು ಹೋದಾಗ ಪದ್ಮಕ್ಕ ಅಳುತ್ತಿರಲಿಲ್ಲ. ನನ್ನ ಕೈ ಹಿಡಿದು, ಲೆಕ್ಕ ಒಪ್ಪಿಸುವವಳ ಹಾಗೆ, "ಆಸ್ಪತ್ರೆಗೆ ತರ್ಲಿಲ್ಲ ಅಂತ ಬೈಬ್ಯಾಡ ಸಿಸ್ಟರಮ್ಮ. ಬೆಳಿಗ್ಗೆ ಮಾತ್ರೆ ತಗಂಡಿದ್ರು. ಕಾಲು ಊದಿರ್ಲಿಲ್ಲ. ಉಸಿರೂ ಚೆನ್ನಾಗಿತ್ತು" ಅಂದಳು. ನಾನು ಪಾದ ಮುಟ್ಟಿ ನೋಡಿದೆ, ಊತ ಇರಲಿಲ್ಲ. ಅವಳು ಹೇಳಿದ್ದೆಲ್ಲ ನಿಜ. ಅಷ್ಟು ವರ್ಷಗಳ ನರ್ಸ್ ಕೆಲಸದಲ್ಲಿ ಒಂದು ಸಾವಿನ ಮುಂದೆ ನಿಂತು ಸಮಾಧಾನ ಅನ್ನುವುದು ನನಗೆ ಆಗಿದ್ದರೆ ಅದು ಅವತ್ತು.

ಕರ್ಮಗಳೆಲ್ಲ ಮುಗಿದ ಮೇಲೆ ಪದ್ಮಕ್ಕ ಗುಂಡಿಗೆ ಇಳಿದಳು. ಮಗ್ಗದ ಮೇಲೆ ಅವನು ಅರ್ಧ ನೇಯ್ದ ಸೀರೆ ಹಾಗೇ ಇತ್ತು, ಬಾಳೆ ಹೂವಿನ ಬಣ್ಣದ್ದು. ನಾನು ಮಧ್ಯಾಹ್ನ ಮಲಗಿ ಕೇಳುತ್ತಿದ್ದೆ. ಸ್ವಲ್ಪ ನಡೆಯುತ್ತಿತ್ತು, ನಿಲ್ಲುತ್ತಿತ್ತು. ಒಂದು ದಿನ ನಿಂತದ್ದು ಮತ್ತೆ ಶುರುವಾಗಲಿಲ್ಲ. ಎದ್ದು ಹೊರಗೆ ಬಂದೆ. ಏನೂ ಯೋಜನೆ ಉಳಿದಿರಲಿಲ್ಲ, ಯಾವ ಡಾಕ್ಟರೂ ಯಾರಿಗೂ ಏನೂ ಹೇಳಿರಲಿಲ್ಲ, ಪದ್ಮಕ್ಕನ ಹೃದಯಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಆದರೂ ನಾನು ಬೀದಿ ದಾಟುವುದರೊಳಗೆ ಅವಳ ಬಾಗಿಲಿನಲ್ಲಿ ನಾಗಣ್ಣ ನಿಂತಿದ್ದ, ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಕೈಯಲ್ಲಿ ಹಿಟ್ಟು ಮೆತ್ತಿದ್ದ ಮೂಲೆಮನೆಯ ಮುದುಕಿ. ಯಾರೂ ಕೂಗಲಿಲ್ಲ.

ಪದ್ಮಕ್ಕ ಗುಂಡಿಯಿಂದಲೇ ತಲೆ ಎತ್ತಿ ಎಲ್ಲರನ್ನೂ ನೋಡಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. "ಏನಿಲ್ಲ, ಅಳ್ತಿದ್ದೆ" ಅಂದಳು. "ಒಳಕ್ಕೆ ಬರ್ರಿ."

ನಾವು ಒಳಗೆ ಹೋಗಿ ಗುಂಡಿಯ ಸುತ್ತ ಕೂತುಕೊಂಡೆವು.